ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ ತಗೊಳ್ಳೋಣ ಅಂತಿದ್ದೇನೆ, ಏನೇನು ನೋಡಬೇಕು?

ಓದುಗರ ಪ್ರಶ್ನೆ: "ಸಾರ್, ನಾನು ತೀರ್ಥಹಳ್ಳಿ ಹತ್ತಿರದವನು. ಈ ಸಲ ಅಡಿಕೆ ಮಾರಿದ ಮೇಲೆ ಒಂದು ಕಾರು ತಗೋ ಅಂತ ಅಪ್ಪಯ್ಯ ಒಪ್ಪಿದ್ದಾರೆ. ಆರು ಲಕ್ಷದೊಳಗೆ ಒಂದು ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ನೋಡಿದ್ದೇನೆ. 2017ರ ಮಾಡೆಲ್, ಆಟೊಮ್ಯಾಟಿಕ್, 68 ಸಾವಿರ ಕಿಲೋಮೀಟರ್ ಓಡಿದೆ. ಪಾಲಿಶ್ ಹೊಡೆಸಿ ಹೊಸದರ ಹಾಗೇ ಇಟ್ಟಿದ್ದಾರೆ. ಇಂಥ ಜೋರು ಪಿಕಪ್ ಇರುವ ಕಾರು ತಗೊಳ್ಳುವಾಗ ಏನು ನೋಡಬೇಕು?"

ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಕಾರಿನ ಹೆಸರು ಮಾತ್ರ ಬದಲಾಗುತ್ತದೆ. ಪಾಲಿಶ್ ವಿಷಯ ಮೊದಲು ತಲೆಯಿಂದ ತೆಗೆದುಬಿಡಿ. ಸಾಧಾರಣ ಆಲ್ಟೊನೋ ವ್ಯಾಗನಾರೋ ಆದರೆ ಮಾಲೀಕ ಸ್ವಲ್ಪ ಅಸಡ್ಡೆ ಮಾಡಿದರೂ ಗಾಡಿ ತಡೆದುಕೊಳ್ಳುತ್ತದೆ. ಪೋಲೊ ಜಿಟಿಯಂಥ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುರುಕಿ ಶಕ್ತಿ ಏರಿಸುವ ಸಾಧನ) ಇರುವ ಗಾಡಿ ಹಾಗಲ್ಲ. ಅದನ್ನು ಯಾರು, ಎಲ್ಲಿ, ಹೇಗೆ ಓಡಿಸಿದರು ಅನ್ನುವುದೆಲ್ಲ ಅದರ ಒಳಗೆ ಉಳಿದಿರುತ್ತದೆ. ನೀವು ಹುಡುಕಬೇಕಾದ್ದು ಅದನ್ನೇ.

ನೋಡಲು ಹೋಗುವ ಹಿಂದಿನ ರಾತ್ರಿ ಮಾರುವವರಿಗೆ ಫೋನ್ ಮಾಡಿ. "ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೇನೆ, ನಾನು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ. ಇದು ಯಾಕೆ ಮುಖ್ಯ ಅಂತ ನನಗೆ ಗೊತ್ತಾದದ್ದು ಭದ್ರಾವತಿಯಲ್ಲಿ. ಭಾವನಿಗೆ ಇದೇ ಥರದ ಒಂದು ಕಾರು ನೋಡಲು ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ಹೋಗಿದ್ದೆವು. ಕಾರಿನ ಮೇಲೆಲ್ಲ ಇಬ್ಬನಿ ಹನಿಗಟ್ಟಿತ್ತು, ಬಾನೆಟ್ ಮಾತ್ರ ಒಣಗಿತ್ತು. ಅಂಗೈ ಇಟ್ಟರೆ ಬೆಚ್ಚಗೆ. "ಈಗಷ್ಟೇ ಹಾಲು ತರೋಕೆ ಹೋಗಿ ಬಂದೆ ಸಾರ್" ಅಂದರು ಮಾರುವವರು. ಮುಂದಿನ ಗಾಜಿನ ತುಂಬ ಇಬ್ಬನಿ ಹಾಗೇ ಕೂತಿತ್ತು, ವೈಪರ್ ಓಡಿದ ಒಂದು ಗೆರೆಯೂ ಇರಲಿಲ್ಲ. ಹಾಲು ತರಲು ಹೋದವರು ಗಾಜು ಒರೆಸದೆ ಹೇಗೆ ಓಡಿಸಿದರು? ನಿಂತಲ್ಲೇ ಇಂಜಿನ್ ಬಿಸಿ ಮಾಡಿ ಇಟ್ಟಿದ್ದರು. ವಾದ ಮಾಡದೆ ವಾಪಸ್ ಬಂದೆವು. ವಾರ ಬಿಟ್ಟು ಹೇಳದೆ ಕೇಳದೆ ಬೆಳಿಗ್ಗೆ ಆರೂವರೆಗೆ ಹೋಗಿ ಸ್ಟಾರ್ಟ್ ಮಾಡಿಸಿದಾಗ, ಮೊದಲ ಮೂರು ಸೆಕೆಂಡು ತಗಡಿನ ಡಬ್ಬಿಯಲ್ಲಿ ಒಣ ಅಡಿಕೆ ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಬಂತು.

ಆ ಸದ್ದು ಟೈಮಿಂಗ್ ಚೈನಿನದು, ಅಂದರೆ ಇಂಜಿನ್ನಿನ ವಾಲ್ವ್‌ಗಳು ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ತೆರೆದು ಮುಚ್ಚುವಂತೆ ಮಾಡುವ ಚೈನಿನದು. ನೀವು ನೋಡಿರುವ ಪೋಲೊ ಜಿಟಿಯಲ್ಲಿ ಇರುವುದು 1.2 ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಪೆಟ್ರೋಲ್ ಇಂಜಿನ್, ಶಕ್ತಿ 105 ಪಿಎಸ್ (ಅಶ್ವಶಕ್ತಿಯ ಅಳತೆ). ಅದರ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ಕೆಳಗೆ ಇಳಿದಿರುತ್ತದೆ. ಚೈನ್ ಸವೆದು ಸಡಿಲವಾಗಿದ್ದರೆ ಒತ್ತಡ ಏರುವವರೆಗೆ ಹೀಗೆ ಕಟಕಟ ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಬಿಸಿ ಇಂಜಿನ್ನಿನಲ್ಲಿ ಕೇಳಿಸುವುದೇ ಇಲ್ಲ. ಹಾಗೇ ಬಿಟ್ಟು ಚೈನ್ ಹಲ್ಲು ಜಾರಿದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಅಲ್ಲಿಗೆ ಇಂಜಿನ್ ಕಥೆ ಮುಗಿಯಿತು.

ಸ್ಟಾರ್ಟ್ ಆದ ಕೂಡಲೇ ಸೈಲೆನ್ಸರ್ ಹಿಂದೆ ಒಬ್ಬರನ್ನು ನಿಲ್ಲಿಸಿ. ಚಳಿಗಾಲದಲ್ಲಿ ನಮ್ಮ ಕಡೆ ಬಿಳಿ ಹಬೆ ಬರುವುದು ಸಹಜ, ಐದು ನಿಮಿಷದಲ್ಲಿ ನಿಲ್ಲುತ್ತದೆ. ನೀಲಿ ಬಣ್ಣದ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ ಅರ್ಥ. ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಒಮ್ಮೆ ರೇಸ್ ಕೊಟ್ಟು ನೋಡಿ. ಟರ್ಬೊ ಸೀಲ್ ಹೋಗಿದ್ದರೆ ಆಗ ಗೊತ್ತಾಗುತ್ತದೆ. ಟರ್ಬೊದೊಳಗಿನ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದೂ ಕೆಂಡದಂಥ ಬಿಸಿಯಲ್ಲಿ. ಅದಕ್ಕೆ ಇರುವ ರಕ್ಷಣೆ ತೆಳುವಾದ ಒಂದು ಪದರ ಆಯಿಲ್, ಅಷ್ಟೇ. ಅದಕ್ಕೇ ಸರ್ವಿಸ್ ದಾಖಲೆಯಲ್ಲಿ ನಾನು ಮೊದಲು ನೋಡುವುದು ಆಯಿಲ್ ಬದಲಿಸಿದ ತಾರೀಕು. ಕಿಲೋಮೀಟರ್ ಎಷ್ಟೇ ಇರಲಿ, ವರ್ಷಕ್ಕೊಮ್ಮೆ ಒಳ್ಳೆಯ ಸಿಂಥೆಟಿಕ್ ಆಯಿಲ್ ಬಿದ್ದಿರಬೇಕು. ನಡುವೆ ಎರಡು ವರ್ಷ ಖಾಲಿ ಬಿದ್ದಿದ್ದರೆ "ಹೊರಗಡೆ ಮಾಡಿಸಿದ್ದೆ" ಅನ್ನುವ ಮಾತು ಸಾಲದು, ಬಿಲ್ ಕೇಳಿ. ಹಳೇ ಬಿಲ್ಲುಗಳಲ್ಲಿ ಬರೆದ ಕಿಲೋಮೀಟರ್ ಏರುತ್ತಾ ಹೋಗಿದೆಯೋ, ಎಲ್ಲಾದರೂ ಇಳಿದಿದೆಯೋ ಅನ್ನುವುದೂ ಅದೇ ಕಾಗದದಲ್ಲಿ ತಿಳಿಯುತ್ತದೆ. ಮೀಟರ್ ಹಿಂದೆ ತಿರುಗಿಸುವುದು ಈಗ ಹತ್ತು ನಿಮಿಷದ ಕೆಲಸ. 68 ಸಾವಿರದ ಗಾಡಿಯಲ್ಲಿ ಸ್ಟೇರಿಂಗ್ ಚರ್ಮ ನುಣುಪಾಗಿ ಹೊಳೆಯುತ್ತಿದ್ದರೆ, ಬ್ರೇಕ್ ಪೆಡಲ್ ರಬ್ಬರಿನ ಗೆರೆ ಅಳಿಸಿಹೋಗಿದ್ದರೆ ಅನುಮಾನ ಪಡಿ.

ಇಂಜಿನ್ನಿನ ನಿಜ ತಣ್ಣಗಿದ್ದಾಗ ಗೊತ್ತಾದರೆ ಗೇರ್‌ಬಾಕ್ಸಿನ ನಿಜ ಗೊತ್ತಾಗುವುದು ಬಿಸಿಯಾದ ಮೇಲೆ. ಪೋಲೊ ಜಿಟಿಯ ಡಿಎಸ್‌ಜಿ ಅನ್ನುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಏಳು ಗೇರಿನದು, ಒಳಗೆ ಎರಡು ಡ್ರೈ ಕ್ಲಚ್. ಆಯಿಲ್‌ನಲ್ಲಿ ಮುಳುಗದ ಕ್ಲಚ್ಚಾದ್ದರಿಂದ ಏರಿನಲ್ಲಿ ನಿಧಾನಕ್ಕೆ ತೆವಳುವಾಗ ಬೇಗ ಬಿಸಿಯಾಗುತ್ತದೆ. ಬೆಂಗಳೂರು ಟ್ರಾಫಿಕ್ಕಿನಲ್ಲಿ ಐದು ವರ್ಷ ತೆವಳಿ ಬಂದ ಗಾಡಿ ನಿಮಗೆ ಸಿಗುತ್ತಿದ್ದರೆ ಇನ್ನೂ ಹುಷಾರು. ಹತ್ತು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಇದರ ಗುಟ್ಟು ಹೊರಗೆ ಬರುವುದಿಲ್ಲ. ಮುಕ್ಕಾಲು ಗಂಟೆಯಾದರೂ ಓಡಿಸಿ, ಏರು ಹತ್ತಿಸಿ. ನಿಮಗಂತೂ ಆಗುಂಬೆ ದಾರಿ, ಕುಂದಾದ್ರಿಯ ಏರು ಪಕ್ಕದಲ್ಲೇ ಇದೆ. ಚೆನ್ನಾಗಿ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, 'ಡಿ'ಯಲ್ಲಿಟ್ಟು ಬ್ರೇಕಿನಿಂದ ಕಾಲು ಮಾತ್ರ ತೆಗೆಯಿರಿ. ನೀರು ಹರಿದ ಹಾಗೆ ಮುಂದೆ ಹೋಗಬೇಕು. ನಡುಗುತ್ತಾ, ತಡವರಿಸುತ್ತಾ ಹೊರಟರೆ, ಒಂದರಿಂದ ಎರಡು, ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಮೈ ಕುಲುಕಿದ ಹಾಗೆ ಆದರೆ ಕ್ಲಚ್ ಸವೆದಿದೆ. ರಿವರ್ಸ್ ಹಾಕಿದಾಗ ತಡ ಮಾಡಿ ಹಿಡಿಯುವುದು, ಮೀಟರಿನಲ್ಲಿ ಗೇರ್ ಗುರುತು ಮಿಟುಕುವುದು ಕಂಡರೆ ಮೆಕಾಟ್ರಾನಿಕ್ಸ್ ಮೇಲೆ ಅನುಮಾನ ಪಡಬೇಕು. ಗೇರುಗಳನ್ನು ಬದಲಿಸುವ ಮಿದುಳು ಅದು. ಅದನ್ನು ಬದಲಿಸಿದರೆ ಬಿಲ್ ಲಕ್ಷ ದಾಟುತ್ತದೆ, ನಿಮ್ಮ ಆರು ಲಕ್ಷದ ಲೆಕ್ಕ ಅಲ್ಲಿಗೇ ತಪ್ಪುತ್ತದೆ. ಆ ಗೇರ್‌ಬಾಕ್ಸ್ ಸರಿಯಿದ್ದಾಗ ಓಡಿಸುವ ಖುಷಿಗೆ ಸಮ ಇಲ್ಲ, ಅದನ್ನೂ ಹೇಳಬೇಕು. ಆದರೆ ಊರಿನಲ್ಲಿ ಕೈಕೊಟ್ಟರೆ ರಿಪೇರಿ ಮಾಡುವವರು ಹತ್ತಿರದಲ್ಲಿ ಸಿಗುವುದು ಕಷ್ಟ.

ಮ್ಯಾನುವಲ್ ಗಾಡಿಯಾದರೆ ಪರೀಕ್ಷೆ ಸುಲಭ. ಏರಿನಲ್ಲಿ ನಾಲ್ಕನೇ ಗೇರ್ ಹಾಕಿ, ಐವತ್ತರ ವೇಗದಿಂದ ಪೂರ್ತಿ ಆಕ್ಸಲರೇಟರ್ ತುಳಿಯಿರಿ. ಆರ್‌ಪಿಎಂ ಮುಳ್ಳು ಎದ್ದು ಹೋಗಿ ವೇಗ ಮಾತ್ರ ಹಾಗೇ ಉಳಿದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಕಡಿಮೆ ಓಡಿದ ಗಾಡಿಯಲ್ಲೇ ಹೀಗಾದರೆ ಅದು ರೀಮ್ಯಾಪ್ ಆಗಿರಬಹುದು.

ರೀಮ್ಯಾಪ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಂಥ ಗಾಡಿಗಳಲ್ಲಿ ಜನ ಮೋಸ ಹೋಗುವುದು ಇಲ್ಲೇ. ಇಂಜಿನ್ನಿನ ಕಂಪ್ಯೂಟರಿನ ಲೆಕ್ಕಾಚಾರ ಬದಲಿಸಿ ಟರ್ಬೊ ಒತ್ತಡ ಏರಿಸುವುದಕ್ಕೆ ಹುಡುಗರು 'ಸ್ಟೇಜ್ ಒನ್' ಅನ್ನುತ್ತಾರೆ. ಮಾರುವ ಮೊದಲು ಸ್ಟಾಕ್ ಫೈಲ್, ಅಂದರೆ ಕಂಪನಿಯ ಮೂಲ ಲೆಕ್ಕಾಚಾರ, ವಾಪಸ್ ಹಾಕಿಸುತ್ತಾರೆ. ಕಂಪ್ಯೂಟರ್ ಮರೆತರೂ ಕಬ್ಬಿಣ ಮರೆಯುವುದಿಲ್ಲ. ಏರ್ ಫಿಲ್ಟರ್ ಡಬ್ಬಿಯ ಸ್ಕ್ರೂಗಳ ತಲೆ ಸವೆದಿದೆಯಾ, ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಪೈಪಿನ ಕ್ಲ್ಯಾಂಪ್ ಮಾತ್ರ ಹೊಸದಾಗಿದೆಯಾ, ಸೈಲೆನ್ಸರ್ ಪೈಪಿನಲ್ಲಿ ಕತ್ತರಿಸಿ ಮತ್ತೆ ವೆಲ್ಡ್ ಮಾಡಿದ ಗಂಟು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಕಾರಿನ ಕಂಪ್ಯೂಟರಿಗೆ ಸಿಕ್ಕಿಸಿ ದೋಷ ಓದುವ ಒಂದು ಒಬಿಡಿ ಸ್ಕ್ಯಾನರ್ ಹಿಡಿದುಕೊಂಡು ಹೋಗಿ. ಎರರ್ ಕೋಡ್ ಇಲ್ಲ ಅಂದರೆ ಖುಷಿಪಡಬೇಡಿ, 'ರೆಡಿನೆಸ್' ಅನ್ನುವ ಪುಟ ತೆಗೆಯಿರಿ. ಅಲ್ಲಿ ಹಲವು ತಪಾಸಣೆಗಳು ಇನ್ನೂ ಮುಗಿದಿಲ್ಲ ಅಂತ ತೋರಿಸಿದರೆ ಇತ್ತೀಚೆಗಷ್ಟೇ ಯಾರೋ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ತೆಗೆದಿದ್ದಾರೆ. ಕಾನೂನಿನ ತೊಡಕೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ನಾಳೆ ಅಪಘಾತವಾದರೆ ವಿಮೆ ಕಂಪನಿಯವರು ಈ ತಕರಾರು ಎತ್ತಬಹುದು.

ಏರು ಹತ್ತಿದ ಮೇಲೆ ಇಳಿಯಲೇಬೇಕು. ಬ್ರೇಕ್ ನೋಡಬೇಕಾದ್ದು ಆಗ. ಘಾಟಿ ಇಳಿದು ಬಿಸಿಯಾದ ಮೇಲೆ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ಎಪ್ಪತ್ತರಿಂದ ಒಂದೇ ಸಮ ಬ್ರೇಕ್ ಹಾಕಿ. ಸ್ಟೇರಿಂಗ್ ಕೈಯಲ್ಲಿ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ಪೆಡಲ್ ಮೆತ್ತಗೆ ಒಳಗೆ ಹೋದರೆ ಬ್ರೇಕ್ ಆಯಿಲ್ ಹಳೆಯದು. ಅದು ಗಾಳಿಯ ತೇವ ಹೀರುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಆರು ತಿಂಗಳು ಗೋಡೆಯೇ ಬೆವರುವ ನಮ್ಮ ಊರಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸದೆ ಇರುವುದು ತಪ್ಪು. ಗಾಡಿ ತಣ್ಣಗಾದ ಮೇಲೆ ಡಿಸ್ಕಿನ ಅಂಚಿಗೆ ಉಗುರು ತಾಗಿಸಿ. ತಟ್ಟೆಯ ಅಂಚಿನ ಹಾಗೆ ಎತ್ತರ ಸಿಕ್ಕಿದರೆ ಡಿಸ್ಕ್ ಸವೆದಿದೆ. ಮಳೆಯಲ್ಲಿ ನಿಂತು ಡಿಸ್ಕ್ ಮೇಲೆ ಕೂತ ತೆಳು ತುಕ್ಕಿಗೆ ಹೆದರಬೇಕಿಲ್ಲ, ಎರಡು ಬ್ರೇಕಿಗೆ ಹೋಗುತ್ತದೆ. ಯಾರಾದರೂ ಪೋಲೊ ಬದಲು ಮಾರುತಿಯ ಟರ್ಬೊ ಕಾರಾದ ಬಲೆನೊ ಆರ್‌ಎಸ್ ತೋರಿಸಿದರೆ ಒಂದು ಕೇಳಲೇಬೇಕು: ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನ ದೋಷಕ್ಕಾಗಿ ಮಾರುತಿಯವರು 2023ರಲ್ಲಿ 7,213 ಆರ್‌ಎಸ್ ಕಾರುಗಳನ್ನು ವಾಪಸ್ ಕರೆದಿದ್ದರು. ಆ ಕೆಲಸ ಆಗಿದೆಯೇ ಅಂತ ಚಾಸಿ ನಂಬರ್ ಕೊಟ್ಟು ಸರ್ವಿಸ್ ಸೆಂಟರಿನಲ್ಲಿ ತಿಳಿದುಕೊಳ್ಳಿ.

ಇನ್ನು ನಮ್ಮ ಮಳೆ. ಬಾನೆಟ್ ಎತ್ತಿ ವೈಪರ್ ಕೆಳಗಿನ ಪ್ಲಾಸ್ಟಿಕ್ ಜಾಲರಿಯೊಳಗೆ ಇಣುಕಿ ನೋಡಿ. ತೋಟದ ಮನೆಯ ಗಾಡಿಯಾದರೆ ಅಲ್ಲಿ ಹಲಸಿನ ಎಲೆ, ಒಣಗಿದ ಹಿಂಗಾರದ ಚೂರು, ಕೊಳೆತು ಕಪ್ಪಾದ ಮಣ್ಣು ಸಿಗುತ್ತದೆ. ನೀರು ಹೋಗುವ ತೂತು ಅದರಿಂದ ಕಟ್ಟಿಕೊಂಡರೆ ಮಳೆನೀರು ಒಳಗೆ ಇಳಿದು ಕಾರ್ಪೆಟ್ ಕೆಳಗೆ ನಿಲ್ಲುತ್ತದೆ. ಮುಂದಿನ ಎರಡು ಸೀಟಿನ ಕಾಲಬುಡದಲ್ಲಿ ಮ್ಯಾಟ್ ಎತ್ತಿ, ಕಾರ್ಪೆಟ್ ಅಡಿಗೆ ಬೆರಳು ತೂರಿಸಿ ಒತ್ತಿ, ಬೆರಳು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ವೈರಿಂಗ್‌ಗೂ ತೇವ ಹೋಗಿದೆ ಅಂತಲೇ ಲೆಕ್ಕ. ಸೀಟ್ ಬೆಲ್ಟ್ ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯಾ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಕೆಳಗೆ ನೋಡಿ. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿತು, ಮರುವರ್ಷ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೂ ನೀರು ನುಗ್ಗಿತು. ನಿಮ್ಮದು 2017ರ ಗಾಡಿ, ಆ ಎರಡು ಮಳೆಗಾಲ ಎಲ್ಲಿ ಕಳೆದಿತ್ತು ಅಂತ ಕೇಳುವುದು ನ್ಯಾಯ. ಇಲಿ ಕಡಿದ ವೈರಿಗೆ ಸುತ್ತಿದ ಟೇಪ್ ಕಂಡರೂ ಲೆಕ್ಕಕ್ಕೆ ಹಿಡಿಯಿರಿ.

ಅಡಿಭಾಗ ನೋಡಲು ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಲೇಬೇಕು. ಕೆಮ್ಮಣ್ಣು ಮೆತ್ತಿಕೊಂಡ ಜಾಗದಲ್ಲಿ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಕೆರೆದರೆ ತುಕ್ಕು ಮೇಲೆ ಮಾತ್ರವೋ ಒಳಗೂ ಹೋಗಿದೆಯೋ ಗೊತ್ತಾಗುತ್ತದೆ. ಅಲಾಯ್ ಚಕ್ರದ ಒಳಬದಿಯ ಅಂಚನ್ನು ಸುತ್ತ ಕೈಯಾಡಿಸಿ ನೋಡಿ. ಗುಂಡಿಗೆ ಬಿದ್ದು ಬಗ್ಗಿದ್ದು ಹೊರಗಿನಿಂದ ಕಾಣುವುದಿಲ್ಲ. ಟೈರಿನ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕು ಟೈರೂ ನಾಲ್ಕು ಕಂಪನಿಯದ್ದಾಗಿದ್ದರೆ ಆ ಮಾಲೀಕ ಬೇರೆ ಕಡೆಯೂ ಹೀಗೇ ಉಳಿಸಿರುತ್ತಾನೆ.

ಬೇರೆ ಯಾವುದು ತಗೊಳ್ಳಬಹುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ದುಡ್ಡು ಸ್ವಲ್ಪ ಏರಿಸಲು ಸಾಧ್ಯವಾದರೆ 2020ರ ನಂತರದ ಪೋಲೊ 1.0 ಟಿಎಸ್‌ಐ ನೋಡಿ. 110 ಪಿಎಸ್, ಆರು ಗೇರಿನ ಮ್ಯಾನುವಲ್ ಸಿಗುತ್ತದೆ, ಆಟೊಮ್ಯಾಟಿಕ್ ಬೇಕೆಂದರೂ ಅದರಲ್ಲಿರುವುದು ಡಿಎಸ್‌ಜಿ ಅಲ್ಲ, ಡ್ರೈ ಕ್ಲಚ್ ಬದಲು ಆಯಿಲ್ ಮೂಲಕ ಶಕ್ತಿ ಸಾಗಿಸುವ ಟಾರ್ಕ್ ಕನ್ವರ್ಟರ್. ಘಾಟಿ ಊರಿಗೆ ಇದು ನೆಮ್ಮದಿಯ ಆಯ್ಕೆ. ಪೋಲೊ ಇಲ್ಲಿ 2022ರಲ್ಲೇ ನಿಂತಿತು, ಬಿಡಿಭಾಗ ಇನ್ನೂ ಸಿಗುತ್ತದೆ. 145 ಪಿಎಸ್‌ನ ಅಬಾರ್ತ್ ಪುಂಟೊ ಮೇಲೆ ನನಗೂ ಆಸೆಯಿದೆ, ಆದರೆ ಮನೆಗೆ ಒಂದೇ ಕಾರು ಇರುವವರಿಗೆ ನಾನು ಅದನ್ನು ಹೇಳುವುದಿಲ್ಲ. ಅದನ್ನು ಮಾಡಿದ ಫಿಯಟ್ ಕಂಪನಿಯೇ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸಿದೆ, ನೆಲಕ್ಕೂ ತೀರಾ ತಗ್ಗು.

ಕಾಗದದ ವಿಷಯದಲ್ಲಿ ಎರಡು ಮಾತು. ಆರ್‌ಸಿಯಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಇಲ್ಲದೆ ದುಡ್ಡು ಕೊಡಬೇಡಿ. ಹೆಸರು ಬದಲಾವಣೆಗೆ ಫಾರಂ 29, 30 ಬೇಕು. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆ ನಿಮ್ಮ ಹೆಸರಿಗೆ ಮಾಡಿಸಲು ಇರುವುದು 14 ದಿನ, ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಹೊರರಾಜ್ಯದ ನಂಬರಿನ ಗಾಡಿ ಅಗ್ಗಕ್ಕೆ ಸಿಕ್ಕಿತು ಅಂದುಕೊಳ್ಳುವ ಮೊದಲು ಇಲ್ಲಿ ಕಟ್ಟಬೇಕಾದ ಜೀವಾವಧಿ ತೆರಿಗೆ ಎಷ್ಟು ಅಂತ ಶಿವಮೊಗ್ಗ ಆರ್‌ಟಿಒದಲ್ಲಿ ಕೇಳಿ.

ಆರು ಲಕ್ಷ ಕೈಯಲ್ಲಿದ್ದರೆ ಐದಕ್ಕೆ ಗಾಡಿ ಹುಡುಕಿ, ಒಂದನ್ನು ಮೊದಲ ವರ್ಷದ ಆಯಿಲ್, ಬ್ರೇಕ್, ಟೈರ್, ಬುಷ್ಷುಗಳಿಗೆ ಎತ್ತಿಡಿ. ಭದ್ರಾವತಿಯ ಆ ಗಾಡಿಯನ್ನು ಭಾವ ಬಿಟ್ಟುಬಂದ. ನಾಲ್ಕು ತಿಂಗಳ ಮೇಲೆ ಸಾಗರದಲ್ಲಿ ಇನ್ನೊಂದು ಸಿಕ್ಕಿತು. ಬಣ್ಣ ಮಾಸಿತ್ತು, ಎಡಗಡೆ ಬಾಗಿಲಿಗೆ ಗೀರು ಬಿದ್ದಿತ್ತು. ನಾವು ಹೋದಾಗ ಬಾನೆಟ್ ಮೇಲೂ ಇಬ್ಬನಿ ಇತ್ತು, ಮಾಲೀಕರು ಒಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ವರ್ಷವಾರು ಜೋಡಿಸಿಟ್ಟ ಬಿಲ್ಲುಗಳನ್ನು ತಂದು ಕೈಗಿಟ್ಟರು.