ಫ್ರಿಜ್ಜಿನ ನೀರಿಗೆ ಆಸ್ಪತ್ರೆಯ ವಾಸನೆ ಎಲ್ಲಿಂದ ಬಂತು?

ಅಕ್ಕನ ಮನೆಯ ಫ್ರಿಜ್ಜಿನ ಬಾಗಿಲಲ್ಲೇ ಕುಡಿಯುವ ನೀರು ಬರುತ್ತದೆ. ಲೋಟ ಒತ್ತಿ ಹಿಡಿದರೆ ಸಾಕು. ಕಳೆದ ಬೇಸಿಗೆಯಲ್ಲಿ ಆ ನೀರನ್ನು ಒಂದು ಗುಟುಕು ಕುಡಿದ ಅಕ್ಕನ ಅತ್ತೆ ಲೋಟವನ್ನು ಕೆಳಗಿಟ್ಟು, “ಇದೇನಪ್ಪ, ಡೆಟ್ಟಾಲ್ ಹಾಕಿದ ಹಾಗಿದೆ” ಎಂದರು. ಭಾವನಿಗೆ ಏನೂ ಗೊತ್ತಾಗಲಿಲ್ಲ. ವಯಸ್ಸಾದವರ ನಾಲಿಗೆ ಎಂದು ಎಲ್ಲರೂ ಸುಮ್ಮನಾದರು. ಆದರೆ ಅವರ ನಾಲಿಗೆ ಸರಿಯಾಗಿಯೇ ಹೇಳಿತ್ತು. ಡೆಟ್ಟಾಲ್‌ನಲ್ಲಿ ಕ್ರಿಮಿಗಳನ್ನು ಕೊಲ್ಲುವ ವಸ್ತು ಕ್ಲೋರೋಕ್ಸಿಲೆನಾಲ್, ಅಂದರೆ ಕ್ಲೋರಿನ್ ಅಂಟಿಕೊಂಡ ಫೀನಾಲ್. ಅದೇ ಕುಲದ ಅಣುಗಳು ಲೋಟದಲ್ಲಿ ಹೇಗೆ ಹುಟ್ಟಿದವು ಎಂಬುದನ್ನು ಹುಡುಕಲು ನಮಗೆ ಒಂದು ವಾರ ಹಿಡಿಯಿತು.

ನೀರಿನ ರುಚಿ ಕೆಟ್ಟರೆ ಹೆಚ್ಚಿನವರು ಮೊದಲು ಬೈಯುವುದು ಫ್ರಿಜ್ಜನ್ನು. ನಾವು ಮೂರು ಸ್ಟೀಲ್ ಲೋಟಗಳನ್ನು ಸೋಪಿಲ್ಲದೆ ತೊಳೆದು ಸಾಲಾಗಿ ಇಟ್ಟೆವು. ಒಂದಕ್ಕೆ ಅಡುಗೆಮನೆಯ ನಲ್ಲಿಯ ನೀರು, ಇನ್ನೊಂದಕ್ಕೆ ಬೆಳಿಗ್ಗೆ ಫ್ರಿಜ್ಜಿನಿಂದ ಹಿಡಿದ ಮೊದಲ ಲೋಟದ ನೀರು, ಮೂರನೆಯದಕ್ಕೆ ಮೂರು ಲೀಟರ್ ಹೊರಗೆ ಬಿಟ್ಟ ಮೇಲೆ ಹಿಡಿದ ನೀರು. ಮೂರನ್ನೂ ಒಂದು ಗಂಟೆ ಹೊರಗೇ ಬಿಟ್ಟೆವು. ತಣ್ಣಗಿರುವಾಗ ನೀರಿನಿಂದ ವಾಸನೆಯ ಅಣುಗಳು ಹೆಚ್ಚು ಮೇಲೇಳುವುದಿಲ್ಲ. ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆಯದ್ದು. ಹಾಗಾಗಿ ಮಂಜಿನಂಥ ನೀರಿನಲ್ಲಿ ದೋಷ ಅಡಗಿಕೊಳ್ಳುತ್ತದೆ. ಭಾವನಿಗೆ ಗೊತ್ತಾಗದೇ ಹೋದದ್ದಕ್ಕೆ ಇದೂ ಒಂದು ಕಾರಣ.

ನಲ್ಲಿ ನೀರಿಗೆ ಸ್ವಲ್ಪ ಕ್ಲೋರಿನ್ ವಾಸನೆ ಇತ್ತು, ಅಷ್ಟೇ. ಫ್ರಿಜ್ಜಿನ ಮೊದಲ ಲೋಟ ಪೂರ್ತಿ ಡೆಟ್ಟಾಲ್. ಮೂರನೆಯದರಲ್ಲಿ ಅದರ ಎಳೆ ಮಾತ್ರ. ಈ ವ್ಯತ್ಯಾಸ ಬಹಳ ಹೇಳುತ್ತದೆ. ಮೂರು ಲೋಟವೂ ಒಂದೇ ರೀತಿ ಕೆಟ್ಟಿದ್ದರೆ ದೋಷ ಸಂಪಿನಲ್ಲೋ ಮೇಲಿನ ಟ್ಯಾಂಕಿನಲ್ಲೋ ಇರಬೇಕು. ಮೊದಲ ಲೋಟ ಮಾತ್ರ ಕೆಟ್ಟಿದ್ದರೆ ರಾತ್ರಿಯೆಲ್ಲ ನೀರು ನಿಂತ ಜಾಗ ಯಾವುದೋ ಅಲ್ಲೇ ಹುಡುಕಬೇಕು. ಅತ್ತೆ ಇನ್ನೊಂದು ಸುಳಿವನ್ನೂ ಕೊಟ್ಟರು: “ಕಾವೇರಿ ನೀರು ಬಿಟ್ಟ ದಿನವೇ ಜಾಸ್ತಿ.”

ಕಾವೇರಿ ನೀರನ್ನು ಶುದ್ಧಮಾಡುವ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ದೂರ ಪಂಪ್ ಆಗಿ ಬರುವ ನೀರಿನಲ್ಲಿ ದಾರಿಯುದ್ದಕ್ಕೂ ಕ್ರಿಮಿ ಬೆಳೆಯದಿರಲು ಕ್ಲೋರಿನ್ ಉಳಿದಿರಲೇಬೇಕು. ಭಾರತೀಯ ಮಾನಕದ ಪ್ರಕಾರ ಕ್ಲೋರಿನ್ ಬೆರೆಸಿದ ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಅದು ನಮ್ಮನ್ನು ಕಾಯುವ ಕ್ಲೋರಿನ್. ಅದರ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಕೊನೆಯ ಗಳಿಗೆಯಲ್ಲಿ ತೆಗೆಯುವುದು ಫ್ರಿಜ್ಜಿಗೆ ಹೋಗುವ ನೀರಿನ ದಾರಿಯಲ್ಲಿ ಕೂರಿಸಿದ ಇದ್ದಿಲಿನ ಫಿಲ್ಟರಿನ ಕೆಲಸ. ಅದರಲ್ಲಿರುವುದು ಹೆಚ್ಚಾಗಿ ತೆಂಗಿನ ಕರಟವನ್ನು ಸುಟ್ಟು, ಹಬೆಯಲ್ಲಿ ಕಾಯಿಸಿ ಮಾಡಿದ ಇದ್ದಿಲು. ಅದರ ಒಂದು ಗ್ರಾಮಿನೊಳಗೆ ಸುಮಾರು ಸಾವಿರ ಚದರ ಮೀಟರ್ ಮೇಲ್ಮೈ ಮಡಚಿಕೊಂಡಿರುತ್ತದೆ. ಚಿಟಿಕೆ ಪುಡಿಯಲ್ಲಿ ಹತ್ತು ಗುಂಟೆ ಜಮೀನು! ವಾಸನೆಯ ಅಣುಗಳು ಆ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಕ್ಲೋರಿನ್ ಇದ್ದಿಲಿನೊಂದಿಗೆ ವರ್ತಿಸಿ ನಿರುಪದ್ರವಿ ಕ್ಲೋರೈಡ್ ಆಗುತ್ತದೆ. ಆದರೆ ಎಷ್ಟು ದೊಡ್ಡ ಜಮೀನಾದರೂ ಒಂದು ದಿನ ತುಂಬಲೇಬೇಕು. ಸಾಮಾನ್ಯವಾಗಿ ಆರು ತಿಂಗಳಿಗೆ ಬದಲಿಸಬೇಕಾದ ಕಾರ್ಟ್ರಿಜ್ ಅಕ್ಕನ ಮನೆಯಲ್ಲಿ ಒಂದೂವರೆ ವರ್ಷದಿಂದ ಅಲ್ಲೇ ಇತ್ತು. ಕ್ಲೋರಿನ್ ಅದನ್ನು ದಾಟಿ ಮುಂದೆ ಹೋಗುತ್ತಿತ್ತು.

ಮುಂದೆ ಹೋಗಿ ಏನನ್ನು ಮುಟ್ಟುತ್ತಿತ್ತು? ಫ್ರಿಜ್ಜನ್ನು ಗೋಡೆಯಿಂದ ಈಚೆಗೆ ಎಳೆದಾಗ ಉತ್ತರ ಸಿಕ್ಕಿತು. ಎರಡು ತಿಂಗಳ ಹಿಂದೆ ಅಡುಗೆಮನೆಯ ದುರಸ್ತಿ ನಡೆದಾಗ ಫ್ರಿಜ್ಜನ್ನು ಎದುರು ಗೋಡೆಗೆ ಸರಿಸಿದ್ದರು. ಫಿಲ್ಟರಿನಿಂದ ಫ್ರಿಜ್ಜಿಗೆ ಬರುವ ಬಿಳಿ ಕೊಳವೆ ಉದ್ದ ಸಾಲದೆ, ಪ್ಲಂಬರ್ ಮೀಟರಿನಷ್ಟು ಕಪ್ಪು ರಬ್ಬರ್ ಪೈಪ್ ಸೇರಿಸಿ ಕ್ಲಿಪ್ ಬಿಗಿದಿದ್ದರು. ಕುಡಿಯುವ ನೀರಿಗೆಂದು ಮಾಡದ ಇಂಥ ರಬ್ಬರಿನಿಂದ ಫೀನಾಲ್ ಜಾತಿಯ ವಸ್ತುಗಳು ಅತಿ ಸಣ್ಣ ಪ್ರಮಾಣದಲ್ಲಿ ನೀರಿಗೆ ಇಳಿಯುತ್ತವೆ. ಅವಷ್ಟೇ ಇದ್ದರೆ ನಾಲಿಗೆಗೆ ಸುಳಿವೇ ಸಿಗುವುದಿಲ್ಲ. ಕ್ಲೋರಿನ್ ಕೂಡಿದರೆ ಕಥೆ ಬೇರೆ, ಅವು ಕ್ಲೋರೋಫೀನಾಲ್‌ಗಳಾಗುತ್ತವೆ. ಅವುಗಳಲ್ಲೊಂದಾದ 2-ಕ್ಲೋರೋಫೀನಾಲ್ ಲೀಟರಿಗೆ 0.1 ಮೈಕ್ರೋಗ್ರಾಂ ಇದ್ದರೂ ನಾಲಿಗೆ ಗುರುತಿಸುತ್ತದೆ. ಅಂದರೆ ಒಂದು ಕೋಟಿ ಲೀಟರಿಗೆ ಒಂದು ಗ್ರಾಂ. 12,000 ಲೀಟರಿನ ಟ್ಯಾಂಕರ್ ಲಾರಿಗಳನ್ನು ಎಂಟುನೂರಕ್ಕೂ ಹೆಚ್ಚು ಸಾಲಾಗಿ ನಿಲ್ಲಿಸಿ, ಅಷ್ಟಕ್ಕೂ ಸೇರಿ ಒಂದೇ ಗ್ರಾಂ ಬೆರೆಸಿದ ಹಾಗೆ.

ಎಲ್ಲ ಕೆಟ್ಟ ರುಚಿಗೂ ಇದೇ ಕಾರಣವಲ್ಲ. ಮಣ್ಣಿನ ವಾಸನೆ ಬಂದರೆ ಅದು ಜಿಯೋಸ್ಮಿನ್, ಮೊದಲ ಮಳೆಗೆ ನೆಲದಿಂದ ಏಳುವ ಘಮದಲ್ಲಿರುವ ಅಣು. ಕೆರೆ, ಜಲಾಶಯಗಳ ನೀಲಿಹಸಿರು ಪಾಚಿಯೂ ಅದನ್ನು ಮಾಡುತ್ತದೆ. ಕೊಳೆತ ಮೊಟ್ಟೆಯಂತಿದ್ದರೆ ಹೈಡ್ರೋಜನ್ ಸಲ್ಫೈಡ್. ಬೋರ್‌ವೆಲ್ ನೀರಿನ ಉಪ್ಪು, ಸಪ್ಪೆಗಹಿಗೆ ಇದ್ದಿಲು ಏನೂ ಮಾಡಲಾರದು, ಏಕೆಂದರೆ ಕರಗಿದ ಲವಣ ಅದಕ್ಕೆ ಅಂಟುವುದಿಲ್ಲ. ಫ್ಲೋರೈಡ್‌ಗಂತೂ ನಾಲಿಗೆಗೆ ತಾಗುವ ರುಚಿಯೇ ಇಲ್ಲ. ಪಾವಗಡದ ಕಡೆಯ ಜನರ ಹಲ್ಲು, ಮೂಳೆಗಳನ್ನು ಅದು ಸದ್ದಿಲ್ಲದೆ ಕೆಡಿಸಿದೆ. ರುಚಿ ಚೆನ್ನಾಗಿದೆ ಎಂದ ಮಾತ್ರಕ್ಕೆ ನೀರನ್ನು ನಂಬಬಾರದು.

ಇನ್ನು ನೀರು ಬೀಳುವ ಬಾಯಿ. ಹತ್ತಿ ಸುತ್ತಿದ ಕಡ್ಡಿಯನ್ನು ಅದರೊಳಗೆ ತಿರುಗಿಸಿದರೆ ಕಂದು ಲೋಳೆ ಬಂತು. ಇದ್ದಿಲು ಸರಿಯಾಗಿ ಕೆಲಸ ಮಾಡುವಷ್ಟು ದಿನ ಅದನ್ನು ದಾಟಿದ ನೀರಿನಲ್ಲಿ ಕಾಯುವ ಕ್ಲೋರಿನ್ ಇರುವುದಿಲ್ಲವಲ್ಲ, ಗಾಳಿ ತಾಗುವ ಆ ಒದ್ದೆ ಜಾಗದಲ್ಲಿ ಸೂಕ್ಷ್ಮಜೀವಿಗಳು ನೆಲೆಯೂರುತ್ತವೆ. ಬಾಗಿಲಿನ ಡಬ್ಬಿಗೆ ಕೈಯಿಂದ ನೀರು ತುಂಬುವ ಫ್ರಿಜ್ಜುಗಳಲ್ಲಿ ಮುಚ್ಚಳದ ರಬ್ಬರ್ ಪಟ್ಟಿಯ ಕೆಳಗೂ ಇದೇ ಲೋಳೆ ಇರುತ್ತದೆ. ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ಉಜ್ಜಬೇಕು. ಪರಿಮಳದ ಸೋಪು ಬೇಡ, ಅದರ ವಾಸನೆಯೇ ಪ್ಲಾಸ್ಟಿಕ್ಕಿನಲ್ಲಿ ಕೂರುತ್ತದೆ.

ರಬ್ಬರ್ ಪೈಪ್ ಬಿಚ್ಚಿ ಕುಡಿಯುವ ನೀರಿನ ಕೊಳವೆಯನ್ನೇ ಉದ್ದಕ್ಕೆ ಎಳೆಸಿದೆವು. ಹೊಸ ಕಾರ್ಟ್ರಿಜ್ ಹಾಕಿ, ಇದ್ದಿಲ ಪುಡಿಯಿಂದ ಬೂದು ಬಣ್ಣದಲ್ಲಿ ಬಂದ ಮೊದಲ ಹತ್ತು ಲೀಟರ್ ನೀರನ್ನು ಗಿಡಗಳಿಗೆ ಹೊಯ್ದೆವು. ವಾಸನೆ ಹೋಯಿತು.

ಪೈಪನ್ನು ಎಸೆಯುವ ಮುಂಚೆ ಅದರಿಂದ ಎರಡು ತುಂಡು ಕತ್ತರಿಸಿಕೊಂಡೆ. ನೀರು ಬಿಟ್ಟ ದಿನ ಒಂದು ಸ್ಟೀಲ್ ಡಬ್ಬಿಗೆ ನಲ್ಲಿ ನೀರನ್ನು ಹಾಗೆಯೇ ತುಂಬಿದೆ. ಇನ್ನೊಂದಕ್ಕೆ ಅದೇ ನೀರನ್ನು ಹದಿನೈದು ನಿಮಿಷ ಕುದಿಸಿ, ಕ್ಲೋರಿನ್ ಹಾರಿಹೋದ ಮೇಲೆ ಆರಿಸಿ ತುಂಬಿದೆ. ಎರಡರಲ್ಲೂ ಒಂದೊಂದು ತುಂಡು ಮುಳುಗಿಸಿ ರಾತ್ರಿಯಿಡೀ ಮುಚ್ಚಿಟ್ಟೆವು. ಬೆಳಿಗ್ಗೆ ಯಾವುದು ಯಾವುದೆಂದು ಹೇಳದೆ ಎರಡನ್ನೂ ಅತ್ತೆಯ ಮುಂದೆ ತೆರೆದೆ. ಕುದಿಸಿದ ನೀರಿಗೆ ಬರೀ ರಬ್ಬರಿನ ವಾಸನೆ ಎಂದರು. ಇನ್ನೊಂದನ್ನು ಮೂಸಿದವರೇ ಮುಖ ಹಿಂದಕ್ಕೆ ತೆಗೆದು, “ಇದೇ ನೋಡಪ್ಪ, ನಾನು ಹೇಳಿದ್ದು” ಎಂದರು.