ಜಲಪಾತ ಹಿಂದಕ್ಕೆ ಸರಿಯುವುದು ಹೇಗೆ?

ಪ್ರಶ್ನೆ: ಒಂಬತ್ತನೇ ತರಗತಿಗೆ ಭೂಗೋಳ ಕಲಿಸುತ್ತೇನೆ. ನೀರು ಮುಂದಕ್ಕೆ ಹರಿಯುತ್ತದೆ, ಜಲಪಾತ ಮಾತ್ರ ಹಿಂದಕ್ಕೆ ಸರಿಯುತ್ತದೆ ಎಂದರೆ ಮಕ್ಕಳು ನಂಬುವುದೇ ಇಲ್ಲ. ಮನದಟ್ಟು ಮಾಡಿಸುವುದು ಹೇಗೆ?

ಉತ್ತರ: ಮಕ್ಕಳ ಅನುಮಾನ ನ್ಯಾಯವಾದದ್ದೇ. ನಾವು ಜಲಪಾತದ ನೆತ್ತಿಯನ್ನು ತೋರಿಸುತ್ತೇವೆ. ಸವೆತ ನಡೆಯುವುದು ಬುಡದಲ್ಲಿ. ಪಾಠವನ್ನು ಅಲ್ಲಿಂದಲೇ ಶುರು ಮಾಡಿ.

ನಯಾಗರವನ್ನೇ ತೆಗೆದುಕೊಳ್ಳಿ. ಮೇಲೆ ಗಟ್ಟಿಯಾದ ಡಾಲೊಮೈಟ್ ಶಿಲೆಯ ಪದರ, ಅದರಡಿ ಬೇಗ ಸವೆಯುವ ಶೇಲ್ ಶಿಲೆ. ಧುಮುಕಿದ ನೀರು ಬುಡದ ಮಡುವಿನಲ್ಲಿ ಸುಳಿಸುತ್ತಿ, ಸಿಡಿದು, ಶೇಲನ್ನು ಕೊರೆಯುತ್ತದೆ. ಆಸರೆ ತಪ್ಪಿದ ಮೇಲಿನ ಶಿಲೆ ಕೆಲಕಾಲ ಚಾಚಿಕೊಂಡು ನಿಂತು, ಕೊನೆಗೆ ತನ್ನ ಭಾರಕ್ಕೇ ಕಳಚಿ ಬೀಳುತ್ತದೆ. ಅಂಚು ಅಷ್ಟು ಹಿಂದಕ್ಕೆ ಹೋಯಿತು. ಹೀಗೆ ಸುಮಾರು 12,000 ವರ್ಷಗಳಲ್ಲಿ ನಯಾಗರ ಸುಮಾರು 11 ಕಿಲೋಮೀಟರ್ ಹಿಂದೆ ಸರಿದಿದೆ. ಬಿಟ್ಟುಬಂದ ದಾರಿಯೇ ಈಗಿನ ಕಮರಿ. ವರ್ಷಕ್ಕೆ ಎಷ್ಟಾಯಿತು ಎಂದು ಮಕ್ಕಳೇ ಭಾಗಿಸಲಿ: 90 ಸೆಂಟಿಮೀಟರಿನ ಆಸುಪಾಸು. ವಿದ್ಯುತ್ತಿಗಾಗಿ ನದಿಯ ನೀರನ್ನು ಬೇರೆಡೆಗೆ ತಿರುಗಿಸಿದ ಮೇಲೆ ಈ ವೇಗ ಬಹಳ ತಗ್ಗಿದೆ.

ಇಷ್ಟಾದ ಮೇಲೆ 1969ರ ಚಿತ್ರ ತೋರಿಸಿ. ಆ ವರ್ಷ ಅಮೆರಿಕದ ಸೇನಾ ಎಂಜಿನಿಯರುಗಳು ಒಡ್ಡು ಕಟ್ಟಿ ನಯಾಗರದ ಜಲಪಾತಗಳಲ್ಲಿ ಒಂದಾದ ಅಮೆರಿಕನ್ ಜಲಪಾತದ ನೀರನ್ನೇ ನಿಲ್ಲಿಸಿದ್ದರು. ಒಣಗಿದ ಗೋಡೆ, ಅದರ ಕಾಲ ಬಳಿ ರಾಶಿ ರಾಶಿ ಬಂಡೆ. ಅವು ಎಲ್ಲಿಂದ ಬಂದವು ಎಂದು ಕೇಳಿ ಸುಮ್ಮನಿರಿ. ಉತ್ತರ ಅವರಿಂದಲೇ ಬರಬೇಕು.

ಪ್ರಯೋಗಕ್ಕೆ ಪ್ರಯೋಗಾಲಯ ಬೇಕಿಲ್ಲ. ತಟ್ಟೆಯ ಅರ್ಧಕ್ಕೆ ಒದ್ದೆ ಮರಳನ್ನು ದಿಣ್ಣೆಯಾಗಿ ಒತ್ತಿ, ಅಂಚನ್ನು ನೆಟ್ಟಗೆ ಕತ್ತರಿಸಿ, ಮೇಲೆ ಹೆಂಚಿನ ಚೂರುಗಳನ್ನು ಒಂದಕ್ಕೊಂದು ತಾಗಿಸಿ ಹಾಸಿ. ಚೊಂಬಿನಿಂದ ಸಣ್ಣಗೆ ನೀರು ಬಿಡಿ. ಮೊದಲು ಮರಳು ಕುಸಿಯುತ್ತದೆ, ಆಮೇಲೆ ಅಂಚಿನ ಹೆಂಚು ವಾಲಿ ಬೀಳುತ್ತದೆ, ನೀರು ಅದರ ಹಿಂದಿನ ಚೂರಿನಿಂದ ಇಳಿಯತೊಡಗುತ್ತದೆ. ನೀರನ್ನು ಮಕ್ಕಳ ಕೈಯಲ್ಲೇ ಬಿಡಿಸಿ.

ಒಂದು ಎಚ್ಚರಿಕೆ. ಎಲ್ಲ ಜಲಪಾತಕ್ಕೂ ಈ ಎರಡು ಪದರಗಳ ಚಿತ್ರವನ್ನೇ ಅಂಟಿಸಬೇಡಿ. ಜೋಗದಲ್ಲಿ ಶರಾವತಿ ಪಶ್ಚಿಮ ಘಟ್ಟದ ಕಡಿದಾದ ಅಂಚಿನಿಂದ 253 ಮೀಟರ್ ಧುಮುಕುತ್ತದೆ. ಅಲ್ಲಿ ಘಟ್ಟದ ಆ ಕಡಿದಾದ ಅಂಚು ಹೇಗೆ ಉಂಟಾಯಿತೆಂಬ ಕಥೆಯನ್ನೇ ಹೇಳಬೇಕು. ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ ಬೇಸಿಗೆಯಲ್ಲಿ ನೀರು ಸಣ್ಣಗಾಗಿದ್ದರೆ ಪ್ರವಾಸ ವ್ಯರ್ಥವಾಯಿತೆಂದು ಕೊರಗಬೇಡಿ. ಬಂಡೆಯ ಬಿರುಕುಗಳೂ ಬುಡದ ಕಲ್ಲುರಾಶಿಯೂ ಆಗಲೇ ಚೆನ್ನಾಗಿ ಕಾಣುತ್ತವೆ. ಎದುರಿನ ವೀಕ್ಷಣಾ ಸ್ಥಳದಲ್ಲೇ ಕೂರಿಸಿ, ಅವುಗಳ ಚಿತ್ರ ಬರೆಸಿ.