ಸಕ್ಕರೆ ಬೀಳುವ ಮುಂಚೆ ನಾಯಿಯ ಪಾಲು ತೆಗೆದಿಡಿ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಕ್ಲಿನಿಕ್ಕಿಗೆ ರಾತ್ರಿ ಫೋನು ಜಾಸ್ತಿ. ಮಕ್ಕಳಿಗೆ ರಜೆ, ಅಡುಗೆಮನೆಯಲ್ಲಿ ಓವನ್ ಬಿಸಿಯಾಗಿರುತ್ತದೆ, ಆರಲಿ ಅಂತ ಕೇಕನ್ನು ಮೇಜಿನ ತುದಿಗೆ ಇಟ್ಟಿರುತ್ತಾರೆ. ಹಾಗೇ ಒಂದು ರಾತ್ರಿ ಒಬ್ಬರು ಫೋನ್ ಮಾಡಿದರು. "ಡಾಕ್ಟ್ರೇ, ಮಗಳು ಮಾಡಿದ ಬ್ರೌನಿನ ನಮ್ಮ ಲ್ಯಾಬ್ರಡಾರ್ ಅರ್ಧ ಟ್ರೇ ತಿಂದ್ಬಿಟ್ಟಿದೆ. ಆರಾಮಾಗಿ ಓಡಾಡ್ಕೊಂಡಿದೆ. ಬೆಳಿಗ್ಗೆವರೆಗೂ ನೋಡೋಣ್ವಾ?"

ಬೇಡಮ್ಮ, ಈಗಲೇ ಕರ್ಕೊಂಡು ಬನ್ನಿ ಅಂದೆ. ಬರುವ ಮುಂಚೆ ಎರಡು ವಿಷಯ ಕೇಳಿದೆ: ನಾಯಿಯ ತೂಕ ಎಷ್ಟು, ಟ್ರೇಗೆ ಕೋಕೋ ಪುಡಿ ಎಷ್ಟು ಹಾಕಿದ್ರಿ. ತೂಕ 24 ಕೆಜಿ, ಕೋಕೋ 50 ಗ್ರಾಂ. ಕೋಕೋದಲ್ಲಿ ನಾಯಿಗೆ ವಿಷವಾಗುವ ಅಂಶದ ಹೆಸರು ಥಿಯೋಬ್ರೊಮಿನ್, ಒಂದು ಗ್ರಾಂ ಕೋಕೋ ಪುಡಿಯಲ್ಲಿ ಅದು ಸುಮಾರು 26 ಮಿಲಿಗ್ರಾಂ ಇರುತ್ತದೆ. ಅರ್ಧ ಟ್ರೇ ಅಂದರೆ 650 ಮಿಲಿಗ್ರಾಂ, ಅದನ್ನು ತೂಕಕ್ಕೆ ಹಂಚಿದರೆ ಕೆಜಿಗೆ 27 ಆಯಿತು. ಕೆಜಿಗೆ 20 ದಾಟಿದರೆ ವಾಂತಿ, ಭೇದಿ, ನಿಂತಲ್ಲಿ ನಿಲ್ಲಲಾರದ ಚಡಪಡಿಕೆ ಶುರು. 40 ದಾಟಿದರೆ ಹೃದಯದ ಬಡಿತ ತಪ್ಪಬಹುದು, 60ರ ಹೊತ್ತಿಗೆ ಫಿಟ್ಸ್ ಬರಬಹುದು.

ನಾವೂ ಚಾಕೊಲೇಟ್ ತಿನ್ನುತ್ತೇವಲ್ಲ, ನಾಯಿಗೆ ಮಾತ್ರ ಯಾಕೆ ಹೀಗೆ ಅಂತ ಎಲ್ಲರೂ ಕೇಳುತ್ತಾರೆ. ಥಿಯೋಬ್ರೊಮಿನ್ ನಮ್ಮ ರಕ್ತದಲ್ಲಿ ಆರರಿಂದ ಹತ್ತು ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ನಾಯಿಗೆ ಅದೇ ಕೆಲಸಕ್ಕೆ ಹದಿನೇಳು ಗಂಟೆಯ ಮೇಲೇ ಬೇಕು. ಮೂತ್ರಕೋಶಕ್ಕೆ ಬಂದದ್ದು ಕೂಡ ಅಲ್ಲಿ ನಿಂತರೆ ಮತ್ತೆ ರಕ್ತಕ್ಕೆ ಸೇರಿಕೊಳ್ಳುತ್ತದೆ. ಅದಕ್ಕೇ ಆ ಲ್ಯಾಬ್ರಡಾರ್‌ಗೆ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿ, ಡ್ರಿಪ್ ಹಾಕಿ, ಎರಡೆರಡು ಗಂಟೆಗೊಮ್ಮೆ ಅಂಗಳಕ್ಕೆ ಕರೆದುಕೊಂಡು ಹೋಗಿ ಮೂತ್ರ ಮಾಡಿಸುತ್ತಾ ರಾತ್ರಿಯೆಲ್ಲಾ ಕೂತೆವು. ಎದೆಯ ಮೇಲೆ ಕೈಯಿಟ್ಟರೆ ಸಾಕು, ಬಡಿತ ಎಷ್ಟು ಜೋರಾಗಿದೆ ಅನ್ನೋದು ಅಂಗೈಗೇ ತಿಳಿಯುತ್ತಿತ್ತು. ಮಾರನೇ ದಿನ ಮಧ್ಯಾಹ್ನ ಮನೆಗೆ ಹೋಯಿತು.

ಮಿಲ್ಕ್ ಚಾಕೊಲೇಟ್‌ನಲ್ಲಿ ಗ್ರಾಂಗೆ ಸುಮಾರು 2 ಮಿಲಿಗ್ರಾಂ ಮಾತ್ರ ಇರುತ್ತದೆ. ಹಾಗಾಗಿ ಅಂಗಡಿಯ ಚಾಕೊಲೇಟ್ ಒಂದು ತುಂಡು ದೊಡ್ಡ ನಾಯಿ ತಿಂದರೆ ಸಾಮಾನ್ಯವಾಗಿ ಏನೂ ಆಗಲ್ಲ. ಆ ಧೈರ್ಯವನ್ನೇ ಮನೆಯ ಬ್ರೌನಿಯ ಮೇಲೂ ಇಡುತ್ತಾರೆ ನೋಡಿ, ಕಷ್ಟ ಬರೋದು ಅಲ್ಲಿ. ಬೇಕಿಂಗ್‌ಗೆ ಬಳಸುವ ಪುಡಿ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಗಟ್ಟಿ.

ಮನೆಯಲ್ಲಿ ಬೇಕ್ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಮಾಡಿ, ನಾಯಿಗೂ ಮಾಡಿ. ನನ್ನ ಮಾತು ಇಷ್ಟೇ: ಮನೆಯವರಿಗೆ ಮಾಡಿದ್ದರಲ್ಲಿ ಕೊನೆಗೆ ಒಂದು ತುಂಡು ಮುರಿದು ನಾಯಿಗೆ ಹಾಕುವುದರ ಬದಲು, ಹಿಟ್ಟು ಬರೀ ಹಿಟ್ಟಾಗಿದ್ದಾಗಲೇ ಅದರ ಪಾಲು ತೆಗೆದಿಡಿ. ಹಬ್ಬದಲ್ಲಿ ಮಡಿಗೆ ಅಂತ ಮೊದಲೇ ಬೇರೆ ಪಾತ್ರೆಗೆ ತೆಗೆದಿಡುತ್ತೇವಲ್ಲ, ಹಾಗೆ.

ಕೋಕೋ ವಿಷಯ ಈಗ ಬಹಳ ಜನಕ್ಕೆ ಗೊತ್ತು. ನನಗೆ ಜಾಸ್ತಿ ಹೆದರಿಕೆ ಇರುವುದು ಕ್ಸೈಲಿಟಾಲ್ ಬಗ್ಗೆ. ಮನೆಯಲ್ಲಿ ಯಾರಿಗಾದರೂ ಶುಗರ್ ಇದ್ದರೆ ಸಕ್ಕರೆ ಬದಲು ಹಾಕುವ ಪುಡಿ ತರಿಸುತ್ತಾರೆ, ಅಲ್ವಾ? ಅಂಥ ಕೆಲವು ಪುಡಿಗಳಲ್ಲಿ ಇರೋದು ಇದೇ. ನೋಡಲು ಸಕ್ಕರೆಯ ಹಾಗೇ, ರುಚಿಯೂ ಹಾಗೇ. ಮನುಷ್ಯರಿಗೆ ಇದರಿಂದ ಇನ್ಸುಲಿನ್ ಹೆಚ್ಚೇನೂ ಏರಲ್ಲ. ನಾಯಿಯ ದೇಹ ಮಾತ್ರ ಇದನ್ನು ಸಕ್ಕರೆ ಅಂತಲೇ ತಿಳಿದು ಇನ್ಸುಲಿನ್ ಸುರಿದುಬಿಡುತ್ತದೆ, ಅರ್ಧ ಒಂದು ಗಂಟೆಯಲ್ಲಿ ರಕ್ತದ ಸಕ್ಕರೆ ತಳ ಮುಟ್ಟುತ್ತದೆ.

ಒಂದು ಮನೆಯಲ್ಲಿ ಸೊಸೆ ಮಾವನಿಗೋಸ್ಕರ ಪ್ರೀತಿಯಿಂದ ಸಕ್ಕರೆಯಿಲ್ಲದ ಬಿಸ್ಕತ್ತು ಮಾಡಿದ್ದರು. ಸಂಜೆ ಕಾಫಿ ಹೊತ್ತಿಗೆ ಮಾವನವರು ಅಭ್ಯಾಸಬಲದಿಂದ ಒಂದು ಬಿಸ್ಕತ್ತು ನಾಯಿಗೂ ಹಾಕಿದರು. ಮುಕ್ಕಾಲು ಗಂಟೆಗೆ ಅದರ ಹಿಂಗಾಲು ಎಳೆಯತೊಡಗಿತು, ಗೋಡೆಗೆ ಒರಗಿ ನಿಂತಿತು. ನಮ್ಮಲ್ಲಿಗೆ ಬಂದಾಗ ಸಕ್ಕರೆ 38 ಇತ್ತು. ವಯಸ್ಸಾದೋರು ಪಾಪ ಮೇಜಿನ ಪಕ್ಕ ನಿಂತು, "ನಾನೇ ಕೊಟ್ಟೆ ಡಾಕ್ಟ್ರೇ, ಸಿಹಿ ಇಲ್ಲದ್ದು ಅಂತಾನೇ ಕೊಟ್ಟೆ" ಅಂತ ಮತ್ತೆ ಮತ್ತೆ ಹೇಳುತ್ತಿದ್ದರು. ಸಕ್ಕರೆ ಬೇಡದ ಬಿಸ್ಕತ್ತು ನಾಯಿಗೂ ಒಳ್ಳೆಯದು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅವರದ್ದೇನು ತಪ್ಪಿಲ್ಲ. ಸೊಸೆ ಪುಡಿಯ ಪ್ಯಾಕೆಟ್ ತಂದಿದ್ದರು, ಅದು ದೊಡ್ಡ ಉಪಕಾರವಾಯಿತು. ಲೆಕ್ಕ ನೋಡಿ: 100 ಗ್ರಾಂ ಪುಡಿಗೆ 25 ಬಿಸ್ಕತ್ತು, ಒಂದರಲ್ಲಿ 4 ಗ್ರಾಂ. ನಾಯಿಯ ತೂಕ 12 ಕೆಜಿ. ಕೆಜಿಗೆ 0.1 ಗ್ರಾಂ ಹೋದರೆ ಸಕ್ಕರೆ ಇಳಿಯುತ್ತದೆ, ಅಂದರೆ ಈ ನಾಯಿಗೆ 1.2 ಗ್ರಾಂ ಸಾಕು. ಕೆಜಿಗೆ 0.5 ಗ್ರಾಂ ಮುಟ್ಟಿದರೆ ಲಿವರ್‌ಗೇ ಪೆಟ್ಟು. ಎರಡು ಬಿಸ್ಕತ್ತು ತಿಂದಿದ್ದರೆ ಆ ಗೆರೆ ದಾಟುತ್ತಿತ್ತು. ರಾತ್ರಿಯಿಡೀ ಡೆಕ್ಸ್‌ಟ್ರೋಸ್ ಹಾಕಿದೆವು, ಮೂರು ದಿನ ಲಿವರ್ ಪರೀಕ್ಷೆ ಮಾಡಿದೆವು, ಉಳಿಯಿತು.

ಪ್ಯಾಕೆಟ್ ಹಿಂದೆ ಕ್ಸೈಲಿಟಾಲ್ ಅಂತ ಪೂರ್ತಿ ಹೆಸರು ಇರಬಹುದು, ಇಲ್ಲವೇ ಐಎನ್‌ಎಸ್ 967 ಅಂತ ಬರೀ ನಂಬರ್ ಇರಬಹುದು. ಬೇರೆ ದೇಶದಿಂದ ತಂದ ಪ್ಯಾಕೆಟ್ ಆದರೆ ಬರ್ಚ್ ಶುಗರ್ ಅಂತಲೂ ಇರುತ್ತದೆ. ಕೆಲವು ಪೀನಟ್ ಬಟರ್ ಡಬ್ಬಿಗಳಲ್ಲೂ ಇದೆ, ನಾಯಿ ಬಿಸ್ಕತ್ತಿಗೆ ಪೀನಟ್ ಬಟರ್ ಹಾಕುವವರು ಮೊದಲು ಅದನ್ನು ಓದಿ. ಸ್ಟೀವಿಯಾ, ಎರಿಥ್ರಿಟಾಲ್ ನಾಯಿಗೆ ಹೀಗೆ ಮಾಡಲ್ಲ, ಆದರೂ ಅದರ ಬಿಸ್ಕತ್ತಿಗೆ ಅವು ಯಾಕೆ ಬೇಕು?

ಇನ್ನು ಒಣದ್ರಾಕ್ಷಿ. ವಿಜಯಪುರದ ಕಡೆ ಬೆಳೆಯುವುದೂ ನಾವೇ, ಪಾಯಸದಿಂದ ಪ್ಲಮ್ ಕೇಕ್‌ವರೆಗೆ ಎಲ್ಲಕ್ಕೂ ಹಾಕುವುದೂ ನಾವೇ. ನಾಯಿಗೆ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ಕಿಡ್ನಿ ಕೆಡಿಸಬಲ್ಲವು. ಒಂದು ನಾಯಿ ಹಿಡಿ ತುಂಬ ತಿಂದರೂ ಚೆನ್ನಾಗಿರುತ್ತದೆ, ಇನ್ನೊಂದಕ್ಕೆ ಸ್ವಲ್ಪದರಲ್ಲೇ ಮೂರು ದಿನದೊಳಗೆ ಮೂತ್ರ ನಿಲ್ಲುತ್ತದೆ. ಯಾಕೆ ಹೀಗೆ ಅಂತ ಬಹಳ ವರ್ಷ ಯಾರಿಗೂ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ವೈದ್ಯರು ಒಂದು ಎಳೆ ಹಿಡಿದರು. ಮಕ್ಕಳಿಗೆ ಆಡಲು ಮನೆಯಲ್ಲೇ ಕಲಸಿದ ಮಣ್ಣಿನಂಥ ಹಿಟ್ಟನ್ನು ತಿಂದ ನಾಯಿಗೂ ದ್ರಾಕ್ಷಿ ತಿಂದ ನಾಯಿಯ ಹಾಗೇ ಕಿಡ್ನಿ ಕೆಟ್ಟಿತ್ತು. ಆ ಹಿಟ್ಟಿನಲ್ಲಿ ಇದ್ದದ್ದು ಕ್ರೀಮ್ ಆಫ್ ಟಾರ್ಟರ್, ಮೊಟ್ಟೆಯ ಬಿಳಿ ನೊರೆ ಗಟ್ಟಿಯಾಗಲಿ ಅಂತ ಬೇಕಿಂಗ್‌ನಲ್ಲಿ ಹಾಕುತ್ತೇವಲ್ಲ ಅದೇ. ಎರಡರಲ್ಲೂ ಇರುವುದು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಿಂದ ದ್ರಾಕ್ಷಿಗೆ ಅದರ ಪ್ರಮಾಣ ಬದಲಾಗುವುದರಿಂದಲೇ ಒಂದೊಂದು ನಾಯಿಗೆ ಒಂದೊಂದು ಥರ ಆಗುತ್ತದೆ ಅನ್ನೋದು ಈಗಿನ ತಿಳಿವಳಿಕೆ.

ನಮ್ಮ ಕಡೆಯವರು ಇಲ್ಲಿ ಇನ್ನೊಂದು ಗಮನಿಸಬೇಕು. ಟಾರ್ಟಾರಿಕ್ ಆಮ್ಲ ಹುಣಸೆಹಣ್ಣಿನಲ್ಲಿ ತುಂಬ ಇದೆ. ಹುಣಸೆ ತಿಂದು ಕಿಡ್ನಿ ಕೆಟ್ಟ ನಾಯಿಗಳ ವರದಿಗಳೂ ಬಂದಿವೆ. ಉಳಿದ ಪುಳಿಯೋಗರೆ, ಗಟ್ಟಿ ಹುಳಿ ನಾಯಿ ತಟ್ಟೆಗೆ ಹಾಕುವ ಅಭ್ಯಾಸ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದರೂ, ಪುಡಿ ಮಾಡಿದರೂ ಅವುಗಳ ಗುಣ ಹೋಗಲ್ಲ, ಕೆಂಪು ರಕ್ತಕಣ ಒಡೆಯುತ್ತವೆ. ಬೆಕ್ಕಿಗಂತೂ ಇನ್ನೂ ಕಡಿಮೆಯೇ ಸಾಕು. ಮನೆಯಲ್ಲಿ ಖಾರಾ ಬನ್ ಮಾಡಿದ ದಿನ ಪ್ರಾಣಿಗಳಿಗೆ ಅದರಲ್ಲಿ ಪಾಲಿಲ್ಲ.

ಈಸ್ಟ್ ಹಾಕಿ ನಾದಿ, ಬಟ್ಟೆ ಮುಚ್ಚಿ ಉಬ್ಬಲು ಇಟ್ಟ ಹಸಿ ಹಿಟ್ಟಿನ ಬಗ್ಗೆ ಹೆಚ್ಚು ಜನಕ್ಕೆ ಅಂದಾಜಿಲ್ಲ. ನಾಯಿಯ ಹೊಟ್ಟೆ ಬೆಚ್ಚಗಿರುತ್ತದೆ, ಅಲ್ಲಿ ಹಿಟ್ಟು ಇನ್ನೂ ಚೆನ್ನಾಗಿ ಉಬ್ಬುತ್ತದೆ. ಹೊಟ್ಟೆ ಗಡಿಗೆಯ ಹಾಗೆ ಬಿಗಿಯುತ್ತದೆ, ಜೊತೆಗೆ ಈಸ್ಟ್ ಮಾಡಿದ ಆಲ್ಕೋಹಾಲ್ ರಕ್ತಕ್ಕೆ ಏರಿ ನಾಯಿ ತೂರಾಡುತ್ತದೆ. ಬೆಂದ ಬ್ರೆಡ್ಡಿನಲ್ಲಿ ಈಸ್ಟ್ ಸತ್ತಿರುವುದರಿಂದ ಈ ಭಯ ಇಲ್ಲ. ಉಬ್ಬಲು ಇಡುವ ಪಾತ್ರೆಯನ್ನು ಅದಕ್ಕೇ ಕಟ್ಟೆಯ ಮೇಲಿಡದೆ ಬಾಗಿಲು ಹಾಕಿದ ಓವನ್ ಒಳಗೇ ಇಡಿ. ಓವನ್ ಆಫ್ ಇರಲಿ. ಅಂದಹಾಗೆ, ಹಸಿ ಹಿಟ್ಟು ಕಲಸಿದ ಬಟ್ಟಲು ನೆಕ್ಕುವುದು ಮಕ್ಕಳಿಗೂ ಬೇಡ. ಹಸಿ ಮೊಟ್ಟೆಯಷ್ಟೇ ಅಲ್ಲ, ಹಸಿ ಮೈದಾದಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು.

ಈಗ ಮಾಡುವುದು ಹೇಗೆ ಅಂತ ಹೇಳುತ್ತೇನೆ. ಒಂದೂವರೆ ಕಪ್ ರಾಗಿ ಹಿಟ್ಟು, ಒಂದೂವರೆ ಕಪ್ ಗೋಧಿ ಹಿಟ್ಟು ಸೇರಿಸಿ ಜರಡಿ ಹಿಡಿಯಿರಿ. ಬರೀ ರಾಗಿಯಾದರೆ ಬಿಸ್ಕತ್ತು ಪುಡಿಪುಡಿಯಾಗುತ್ತದೆ, ಗೋಧಿಯ ಜಿಗುಟು ಬೇಕು. ಇದರಲ್ಲಿ ಒಂದು ಕಪ್ ತಕ್ಷಣ ಬೇರೆ ಪಾತ್ರೆಗೆ ತೆಗೆಯಿರಿ. ಅದು ನಾಯಿಯದು. ಉಳಿದ ಎರಡು ಕಪ್‌ಗೆ ಬೆಲ್ಲ, ಬೆಣ್ಣೆ, ಏಲಕ್ಕಿ, ಬೇಕಿಂಗ್ ಪೌಡರ್, ನಿಮಗೆ ಏನು ಬೇಕೋ ಹಾಕಿಕೊಳ್ಳಿ.

ನಾಯಿಯ ಪಾಲಿಗೆ ಒಂದು ಮೊಟ್ಟೆ, ಕಾಲು ಕಪ್ ಬೇಯಿಸಿ ಹಿಸುಕಿದ ಸಿಹಿಗುಂಬಳ. ಉಪ್ಪಿಲ್ಲ, ಬೆಲ್ಲ ಇಲ್ಲ, ಸೋಡಾ ಇಲ್ಲ, ಬೆಣ್ಣೆಯೂ ಇಲ್ಲ. ಕೊಬ್ಬು ಜಾಸ್ತಿಯಾದರೆ ಕೆಲವು ನಾಯಿಗಳ ಪ್ಯಾಂಕ್ರಿಯಾಸ್ ಊದಿಕೊಂಡು, ಮುಂಗಾಲು ಚಾಚಿ ಹಿಂಭಾಗ ಎತ್ತಿ ನೋವಿನಲ್ಲಿ ನಿಲ್ಲುತ್ತವೆ, ಹಾಗೆ ನಿಂತಿದ್ದನ್ನು ಒಂದು ಸಲ ನೋಡಿದರೆ ಬೆಣ್ಣೆ ಹಾಕಲು ಮನಸ್ಸು ಬರಲ್ಲ. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಬೇಕಾದರೆ ಮಾತ್ರ ಒಂದು ಚಮಚ ನೀರು. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಹತ್ತು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಕತ್ತರಿಸಿ. 160 ಡಿಗ್ರಿಯಲ್ಲಿ 25 ನಿಮಿಷ. ಆಮೇಲೆ ಓವನ್ ಆರಿಸಿ, ಬಿಸ್ಕತ್ತನ್ನು ಒಳಗೇ ಬಿಟ್ಟು ತಣ್ಣಗಾಗಲು ಬಿಡಿ. ಮುರಿದರೆ ಟಕ್ ಅನ್ನಬೇಕು. ಬಾಗಿದರೆ ಒಳಗೆ ನೀರಿದೆ ಅಂತ ಅರ್ಥ, ಇನ್ನೊಮ್ಮೆ ಸಣ್ಣ ಉರಿಯಲ್ಲಿ ಒಣಗಿಸಿ. ಓವನ್ ಇಲ್ಲದಿದ್ದರೆ ದಪ್ಪ ತಳದ ಕಾವಲಿಯ ಮೇಲೆ ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ ಎರಡೂ ಕಡೆ ನಿಧಾನಕ್ಕೆ ಬೇಯಿಸಿದರೂ ಆಗುತ್ತದೆ.

ಸುಮಾರು 50 ಬಿಸ್ಕತ್ತು ಬರುತ್ತವೆ, ಒಂದೊಂದರಲ್ಲಿ ಹತ್ತು ಕ್ಯಾಲೊರಿಯಷ್ಟು. ದಿನದ ಆಹಾರದಲ್ಲಿ ಇಂಥ ತಿಂಡಿ ನೂರಕ್ಕೆ ಹತ್ತು ಪಾಲು ದಾಟಬಾರದು. ಹತ್ತು ಕೆಜಿಯ ನಾಯಿಗೆ ದಿನಕ್ಕೆ 600 ಕ್ಯಾಲೊರಿ ಆಸುಪಾಸು ಬೇಕು, ಹಾಗಾಗಿ ಐದಾರು ಬಿಸ್ಕತ್ತು. ಮನೆಯಲ್ಲಿ ನಾಲ್ಕು ಜನ ಇದ್ದರೆ ನಾಲ್ವರೂ ಸೇರಿ ಐದಾರು. ಡಬ್ಬಿಯನ್ನು ಫ್ರಿಜ್‌ನಲ್ಲಿಟ್ಟು ಎರಡು ವಾರದೊಳಗೆ ಮುಗಿಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹೊರಗಿಟ್ಟರೆ ಬೇಗ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ನಾಯಿಗೆ ಹಾಕಬೇಡಿ, ಕೆಲವು ಬೂಷ್ಟಿನ ವಿಷದಿಂದ ಮೈಯೆಲ್ಲಾ ನಡುಗುವ ಕಾಯಿಲೆ ಬರುತ್ತದೆ.

ಬೆಕ್ಕಿಗೆ ಈ ಬಿಸ್ಕತ್ತು ಬೇಕಾಗಿಲ್ಲ. ಬೆಕ್ಕಿನ ನಾಲಿಗೆಗೆ ಸಿಹಿಯೇ ತಿಳಿಯಲ್ಲ, ಅದು ಮಾಂಸ ತಿಂದು ಬದುಕುವ ಪ್ರಾಣಿ. ಉಪ್ಪಿಲ್ಲದೆ ಪೂರ್ತಿ ಬೇಯಿಸಿದ ಕೋಳಿಯ ಎದೆ ಮಾಂಸವನ್ನು ಎಳೆ ಎಳೆಯಾಗಿ ಸೀಳಿ, ಅದೇ ಓವನ್ ತಣ್ಣಗಾಗುವಾಗ ಒಳಗಿಟ್ಟು ಒಣಗಿಸಿ ಎರಡೆಳೆ ಕೊಡಿ, ಸಾಕು.

ಏನಾದರೂ ತಿಂದುಬಿಟ್ಟರೆ ಉಪ್ಪು ನೀರು ಕುಡಿಸಬೇಡಿ. ಆ ಉಪ್ಪೇ ನಾಯಿಯನ್ನು ಕೊಲ್ಲಬಹುದು. ಮನೆಯಲ್ಲಿ ವಾಂತಿ ಮಾಡಿಸಲೂ ಹೋಗಬೇಡಿ. ಪ್ಯಾಕೆಟ್, ಉಳಿದ ಕೇಕು, ತಿಂದ ಹೊತ್ತು ಇಷ್ಟು ಹಿಡಿದುಕೊಂಡು ಹತ್ತಿರದ ಪಶುವೈದ್ಯರ ಹತ್ತಿರ ಹೊರಡಿ. ಎರಡು ಗಂಟೆಯೊಳಗೆ ಬಂದರೆ ಹೊಟ್ಟೆಯಲ್ಲಿರುವುದರಲ್ಲಿ ಬಹಳಷ್ಟನ್ನು ಹೊರಗೆ ತೆಗೆಯಬಹುದು. ಮತ್ತೆ, ಮಕ್ಕಳಿಗೆ ಆಗ ಬೈಯಬೇಡಿ. ಒಂದು ಸಲ ಅಪ್ಪ ಅಮ್ಮ ಇಬ್ಬರೂ ನಾಯಿ ತಿಂದಿದ್ದು ಒಂದೇ ದ್ರಾಕ್ಷಿ ಕುಕೀ ಅಂತ ಹೇಳುತ್ತಿದ್ದರು. ಎಂಟು ವರ್ಷದ ಮಗ ಮೇಜಿನ ಕಾಲು ಹಿಡಿದು ನಿಂತಿದ್ದ. ನಾನು ಬಗ್ಗಿ, ನಿಂಗೆ ಯಾರೂ ಬೈಯಲ್ಲ ಕಂದಾ ಅಂದಮೇಲೆ ಮೆಲ್ಲಗೆ ಹೇಳಿದ: "ಒಂದಲ್ಲ ಅಂಕಲ್. ಅದಕ್ಕೆ ಇಷ್ಟ ಆಯ್ತು ಅಂತ ನಾನು ಐದು ಕೊಟ್ಟೆ."